ಕೋಡುಬಳೆಯ ಗೂಡಿಗೆ ಒಂದಿಷ್ಟು ಗಾಳಿ

ಅಮೆರಿಕದ ಡೆನ್ವರ್‌ನ ಚಳಿಗಾಲದಲ್ಲಿ ಒಗೆದ ಪಂಚೆಯನ್ನು ಮನೆಯೊಳಗೇ ಹರವಿದರೂ ನೋಡನೋಡುತ್ತಿದ್ದಂತೆ ಒಣಗಿಬಿಡುತ್ತದೆ. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ತುಟಿ ಒಡೆಯುವಷ್ಟು ಒಣಗಾಳಿ. ಊರು ಮೊದಲೇ ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿದೆ, ಮಳೆ ಕಡಿಮೆ. ಅದರ ಮೇಲೆ ಹೀಟರ್. ಮೈನಸ್ 10 ಡಿಗ್ರಿಯ ಗಾಳಿಯನ್ನು ಒಳಗೆ ಎಳೆದು 21 ಡಿಗ್ರಿಗೆ ಕಾಯಿಸಿದರೆ ಅದರಲ್ಲಿ ಉಳಿಯುವ ತೇವಾಂಶ ಶೇ. 10ರ ಆಸುಪಾಸು. ಅಡುಗೆ, ಸ್ನಾನ, ಉಸಿರು ಎಲ್ಲ ಸೇರಿ ಮನೆಯೊಳಗೆ ಶೇ. 20 ಮುಟ್ಟಿದರೆ ಹೆಚ್ಚು.

ಇಂಥ ಮನೆಯಲ್ಲಿ ನನ್ನ ಮೊಮ್ಮಗ ಒಂದು ಹಾವು ಸಾಕಿದ್ದಾನೆ. ಬಾಲ್ ಪೈಥಾನ್ ಎನ್ನುವ ಸಣ್ಣ ಜಾತಿಯ ಹೆಬ್ಬಾವು. ವಿಷವಿಲ್ಲ, ಸಿಟ್ಟಿಲ್ಲ, ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ಒಳಗೆ ಹುದುಗಿಸುತ್ತದೆ. ಸುತ್ತಿಕೊಂಡ ಚಂದ ನೋಡಿ ನನ್ನ ಮಗಳು ಅದಕ್ಕೆ ಕೋಡುಬಳೆ ಅಂತ ಹೆಸರಿಟ್ಟಿದ್ದಾಳೆ. ನನ್ನ ಹೆಂಡತಿ ಮೊದಲ ವಾರ ಆ ಕೋಣೆಯ ಕಡೆ ತಲೆಯನ್ನೂ ಹಾಕಲಿಲ್ಲ. ಅದರ ಊಟದ ಇಲಿಗಳು ಗ್ಯಾರೇಜಿನ ಪುಟ್ಟ ಫ್ರೀಜರ್‌ನಲ್ಲಿವೆ ಎಂದು ತಿಳಿದ ಮೇಲಂತೂ ಗ್ಯಾರೇಜಿಗೂ ಹೋಗುವುದು ಬಿಟ್ಟಳು. ನಮ್ಮಲ್ಲಿ ನಾಗರಹಾವನ್ನೋ ನಮ್ಮ ಹೆಬ್ಬಾವನ್ನೋ ಹೀಗೆ ಮನೆಯಲ್ಲಿಟ್ಟುಕೊಂಡರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. "ಇದು ಆಫ್ರಿಕಾದ್ದು, ಸಾಕಿದ ಹಾವಿಗೇ ಹುಟ್ಟಿದ್ದು ಕಣಜ್ಜಿ" ಎಂದು ಹುಡುಗ ಎಷ್ಟು ಹೇಳಿದರೂ ಅವಳಿಗೆ ಸಮಾಧಾನವಿಲ್ಲ.

ನಾವು ಅಲ್ಲಿಗೆ ಹೋಗಿದ್ದಾಗ ಕೋಡುಬಳೆ ಪೊರೆ ಬಿಟ್ಟಿತು. ಬಿಟ್ಟಿತು ಅನ್ನುವುದಕ್ಕಿಂತ ಹರಿದುಕೊಂಡಿತು ಅನ್ನಬೇಕು. ಚೂರುಚೂರಾಗಿ ಬಂತು. ಬಾಲದ ತುದಿಯಲ್ಲಿ ಒಂದು ಉಂಗುರ ಉಳಿಯಿತು, ಬಲಗಣ್ಣಿನ ಮೇಲೆ ಪೊರೆ ಹಾಗೇ ಕೂತಿತು. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೆ ಪಾರದರ್ಶಕ ಹುರುಪೆ ಇರುತ್ತದೆ. ಅದೂ ಪೊರೆಯ ಜೊತೆಗೇ ಕಳಚಬೇಕು. ಉಗುರು ಹಾಕಿ ಕೀಳಲು ಹೋದರೆ ಕಣ್ಣಿಗೇ ಪೆಟ್ಟು. ಪಶುವೈದ್ಯೆ ನೋಡಿ, ಕೀಳಬೇಡಿ, ತೇವ ಸರಿ ಮಾಡಿ, ಮುಂದಿನ ಪೊರೆಯ ಜೊತೆ ಬರಬಹುದು ಎಂದರು. ಹೊಟ್ಟೆಯ ಅಡಿ ಒಂದೆರಡು ಹುರುಪೆ ಕಂದು ಬಣ್ಣಕ್ಕೆ ತಿರುಗಿದ್ದನ್ನೂ ತೋರಿಸಿದರು. ಒದ್ದೆ ನೆಲದ ಮೇಲೆ ಮಲಗಿ ಮಲಗಿ ಬರುವ ಕೊಳೆ ರೋಗದ ಶುರು ಅದು.

ಇದೇ ನನಗೆ ಸ್ವಾರಸ್ಯ ಅನ್ನಿಸಿದ್ದು. ಒಂದೇ ಹಾವಿಗೆ ಮೇಲೆ ತೇವ ಸಾಲದ ರೋಗ, ಕೆಳಗೆ ತೇವ ಹೆಚ್ಚಾದ ರೋಗ!

ನಾನು ಶಿಡ್ಲಘಟ್ಟದ ಕಡೆಯವನು. ಜೀವನವೆಲ್ಲ ರೇಷ್ಮೆ ಹುಳು ಮೇಯಿಸಿದ್ದೇನೆ. ಹಾವಿನ ಬಗ್ಗೆ ನನಗೇನೂ ಗೊತ್ತಿಲ್ಲ, ಆದರೆ ತೇವ ಮತ್ತು ಗಾಳಿಯ ಜಗಳ ಚೆನ್ನಾಗಿ ಗೊತ್ತು. ಚಾಕಿ ಹುಳಕ್ಕೆ, ಅಂದರೆ ಮೊಟ್ಟೆಯೊಡೆದ ಎಳೆ ಹುಳಕ್ಕೆ, 27–28 ಡಿಗ್ರಿ ಬಿಸಿ, ಶೇ. 85–90 ತೇವಾಂಶ ಬೇಕು. ಅದಕ್ಕೇ ತಟ್ಟೆಗೆ ಪ್ಯಾರಾಫಿನ್ ಕಾಗದ ಮುಚ್ಚಿ, ಅಂಚಿಗೆ ಒದ್ದೆ ಸ್ಪಂಜಿನ ಪಟ್ಟಿ ಇಡುತ್ತೇವೆ. ಹುಳು ದೊಡ್ಡದಾದ ಹಾಗೆ ತೇವ ಇಳಿಸುತ್ತಾ ಗಾಳಿ ಹೆಚ್ಚಿಸಬೇಕು. ಕೊನೆಯದಾದ ಐದನೇ ಹಂತದಲ್ಲಿ ಕಿಟಕಿ ಮುಚ್ಚಿ ಮನೆ ಬೆವರುವಂತೆ ಮಾಡಿದರೆ ಬೆಳೆ ಹೋದ ಹಾಗೇ. ಮಳೆಗಾಲ, ಚಳಿಗಾಲದಲ್ಲಿ ಹುಳು ಸುಣ್ಣದ ಹಾಗೆ ಬೆಳ್ಳಗೆ ಬಿಗಿದು ಸಾಯುವ ಸುಣ್ಣಕಟ್ಟು ರೋಗ ಬರುವುದೂ ಹೀಗೇ, ಥಂಡಿ ಮತ್ತು ತೇವ ಸೇರಿದಾಗ. ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ತಟ್ಟೆಗೆ ಹತ್ತಿಸಿದ, ನೂಲು ಬಿಡಲು ತಯಾರಾದ ಹಣ್ಣು ಹುಳಕ್ಕಂತೂ ಗಾಳಿಯೇ ಪ್ರಾಣ. ಇಲ್ಲದಿದ್ದರೆ ಗೂಡಿನ ನೂಲು ಬಿಚ್ಚುವಾಗ ಕಡಿದು ಕಡಿದು ಬರುತ್ತದೆ, ಮಾರುಕಟ್ಟೆಯಲ್ಲಿ ರೇಟೂ ಸಿಗದು.

ಹುಡುಗನ ಗಾಜಿನ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಮೂರಡಿ ಉದ್ದ. ಮುಂದೆ ಗಾಜಿನ ಬಾಗಿಲು, ಬಾಗಿಲ ಕೆಳಗೆ ಸಣ್ಣ ತೂತುಗಳ ಒಂದು ಪಟ್ಟಿ, ಮೇಲೆ ಪೂರ್ತಿ ಜಾಲರಿಯ ಮುಚ್ಚಳ. ಬಲಭಾಗದ ಜಾಲರಿಯ ಮೇಲೆ ಬಿಸಿ ದೀಪ. ತೇವ ನಿಲ್ಲಲೆಂದು ಹುಡುಗ ಬಾಗಿಲ ಕೆಳಗಿನ ಪಟ್ಟಿಗೆ ಟೇಪ್ ಅಂಟಿಸಿದ್ದ. ಮುಚ್ಚಳಕ್ಕೆ ಅಲ್ಲಲ್ಲಿ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿದ್ದ. ದಿನಕ್ಕೆ ಎರಡು ಹೊತ್ತು ಸ್ಪ್ರೇ ಬೇರೆ. ಸ್ಪ್ರೇ ಮಾಡಿದಾಗ ತೇವಾಂಶದ ಮೀಟರ್ 80ಕ್ಕೆ ಹಾರುತ್ತಿತ್ತು, ಎರಡು ಗಂಟೆಯಲ್ಲಿ 30ಕ್ಕೆ ಬೀಳುತ್ತಿತ್ತು. ನೆಲ ಮಾತ್ರ ಸದಾ ತೊಯ್ದು ಮಣ್ಣುವಾಸನೆ.

"ನಿನ್ನ ಮೀಟರ್ ನಿಜ ಹೇಳ್ತಿದೆ ಅಂತ ಯಾರು ಹೇಳಿದ್ರು?" ಎಂದೆ.

ಗಾಜಿಗೆ ಅಂಟಿಸಿದ ಮುಳ್ಳಿನ ಮೀಟರ್ ಒಂದು, ಡಿಜಿಟಲ್ ಒಂದು. ಎರಡೂ ಬೇರೆ ಬೇರೆ ಅಂಕಿ ತೋರಿಸುತ್ತಿದ್ದವು. ಇದಕ್ಕೊಂದು ಹಳೆಯ ಪರೀಕ್ಷೆ ಇದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿ ಹೋಗದಷ್ಟು ನೀರು ಹನಿಸಿ, ಅದನ್ನೂ ಮೀಟರನ್ನೂ ಜಿಪ್ ಚೀಲದಲ್ಲಿ ಹಾಕಿ ರಾತ್ರಿಯಿಡೀ ಬಿಡುವುದು. ಒದ್ದೆ ಉಪ್ಪಿನ ಮೇಲಿನ ಗಾಳಿಯಲ್ಲಿ ಶೇ. 75 ತೇವಾಂಶ ನಿಲ್ಲುತ್ತದೆ. ಬೆಳಗ್ಗೆ ನೋಡಿದರೆ ಡಿಜಿಟಲ್ 73, ಮುಳ್ಳು 58. ಮುಳ್ಳಿನದನ್ನು ಕಸಕ್ಕೆ ಹಾಕಿಸಿದೆ. ಸುಮ್ನೆ ಒಂದು ಆಟಕ್ಕೆ ಹುಳುಮನೆಯ ವಿಧಾನವನ್ನೂ ತೋರಿಸಿದೆ. ಒಂದು ಥರ್ಮಾಮೀಟರಿನ ಬುಡಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಗಾಳಿ ಬೀಸಿದೆವು. ಗಾಳಿ ಒಣಗಿದ್ದಷ್ಟೂ ಒದ್ದೆ ಥರ್ಮಾಮೀಟರ್ ಹೆಚ್ಚು ಕೆಳಗೆ ಇಳಿಯುತ್ತದೆ. ನಮ್ಮ ಚಾಕಿ ಮನೆಯಲ್ಲಿ ಒಣ ಮತ್ತು ಒದ್ದೆ ಥರ್ಮಾಮೀಟರಿನ ನಡುವೆ ಒಂದೂವರೆ ಎರಡು ಡಿಗ್ರಿ ಅಂತರವಿರುತ್ತದೆ. ಡೆನ್ವರ್‌ನ ಆ ಕೋಣೆಯಲ್ಲಿ ಹತ್ತು ಡಿಗ್ರಿಯಷ್ಟು ಬಂತು. ಮೊಮ್ಮಗ ಅದನ್ನು ಫೋಟೊ ತೆಗೆದುಕೊಂಡ.

ಆ ಶನಿವಾರ ಇಬ್ಬರೂ ಕೆಲಸಕ್ಕೆ ಇಳಿದೆವು. ಕೋಡುಬಳೆಯನ್ನು ದಿಂಬಿನ ಚೀಲದಲ್ಲಿ ಹಾಕಿ ಗಂಟು ಕಟ್ಟಿ ಬುಟ್ಟಿಯಲ್ಲಿಟ್ಟಾಯಿತು. ಮೊದಲು ಕಿತ್ತಿದ್ದು ಕೆಳಗಿನ ಪಟ್ಟಿಯ ಟೇಪು. ಹುಡುಗನಿಗೆ ಗಾಬರಿ. "ತಾತ, ಇರೋ ತೇವಾನೂ ಹೋಗಲ್ವಾ?" ಎಂದ. ಬಿಸಿ ಗಾಳಿ ಮೇಲೇರುತ್ತದೆ, ಅದು ಮೇಲಿನಿಂದ ಹೋದಷ್ಟೇ ಹೊಸ ಗಾಳಿ ಕೆಳಗಿನಿಂದ ಬರಬೇಕು. ಕೆಳಗೆ ಮುಚ್ಚಿ ಮೇಲೆ ಇಡೀ ಜಾಲರಿ ತೆರೆದಿಟ್ಟರೆ ಬಿಸಿ ಗಾಳಿ ತೇವವನ್ನು ಹೊತ್ತು ಹಾರಿಹೋಗುತ್ತದೆ, ನೆಲದ ಮೂಲೆಯ ಗಾಳಿ ಮಾತ್ರ ಕದಲುವುದಿಲ್ಲ. ಅಲ್ಲೇ ಕೊಳೆ. ಬೇಕಾದ್ದು ಇದರ ತಿರುಗಾಮುರುಗಾ. ಕೆಳಗೆ ಸಣ್ಣದಾಗಿ ತೆರೆದಿರಬೇಕು, ಮೇಲೆ ಬಹುಪಾಲು ಮುಚ್ಚಿರಬೇಕು.

ಮುಚ್ಚಳಕ್ಕೆ ಅಕ್ರಿಲಿಕ್ ಹಾಳೆ ಕತ್ತರಿಸಿ ಹಾಕಿದೆವು. ದೀಪದ ಸುತ್ತ ಪ್ಲಾಸ್ಟಿಕ್ ಬೇಡವೆಂದು ಅಲ್ಲಿ ಮಾತ್ರ ಅಲ್ಯೂಮಿನಿಯಂ ಟೇಪ್. ಅಂಟು ಹಾವಿನ ಮೈಗೆ ತಾಗಬಾರದಲ್ವಾ, ಅದಕ್ಕೆ ಎಲ್ಲವನ್ನೂ ಹೊರಗಿನಿಂದಲೇ ಅಂಟಿಸಿದ್ದು. ಎಡತುದಿಯಲ್ಲಿ ಮೂರು ಬೆರಳಗಲ ಮತ್ತು ದೀಪದ ಕೆಳಗಿನ ಜಾಲರಿ, ಇಷ್ಟು ಮಾತ್ರ ತೆರೆದಿಟ್ಟೆವು.

ಮುಚ್ಚಿದ ತಕ್ಷಣ ಬೇರೆ ತಾಪತ್ರಯ. ಬಿಸಿ ಹೊರಗೆ ಹೋಗಲು ದಾರಿ ಕಡಿಮೆಯಾಗಿ ದೀಪದ ಕಡೆ 36 ಡಿಗ್ರಿ ದಾಟಿತು. ಈ ಹಾವಿಗೆ ಬಿಸಿ ತುದಿಯಲ್ಲಿ 32, ತಂಪು ತುದಿಯಲ್ಲಿ 25–26 ಇದ್ದರೆ ಹಿತ. ಥರ್ಮೋಸ್ಟಾಟ್ ಇದ್ದದ್ದು ಒಳ್ಳೆಯದಾಯಿತು. ಆದರೂ ಕಡಿಮೆ ವ್ಯಾಟಿನ ಬಲ್ಬ್ ತಂದು ಹಾಕಿಸಿದೆ. ದೀಪ ಕಡಿಮೆ ಉರಿದರೆ ಒಣಗುವುದೂ ಕಡಿಮೆ.

ಇನ್ನು ನೆಲ. ಹಳೆಯದನ್ನೆಲ್ಲ ಬಾಚಿ ಎಸೆದು ಹೊಸದಾಗಿ ತೆಂಗಿನ ಸಿಪ್ಪೆ ಚೂರು ಮತ್ತು ನಾರಿನ ಪುಡಿ ಬೆರೆಸಿ ನಾಲ್ಕು ಇಂಚು ದಪ್ಪಕ್ಕೆ ಹಾಸಿದೆವು. ಇಟ್ಟಿಗೆ ಆಕಾರದಲ್ಲಿ ಒತ್ತಿ ಪ್ಯಾಕ್ ಮಾಡಿದ ಆ ನಾರಿನ ಪುಡಿಗೆ ಮಗಳು ಕೊಟ್ಟ ಡಾಲರನ್ನು ನಾನು ರೂಪಾಯಿಗೆ ಲೆಕ್ಕ ಹಾಕಿದೆ. ತಿಪಟೂರಿನಲ್ಲಿ ಅಷ್ಟು ದುಡ್ಡಿಗೆ ಒಂದು ಗಾಡಿ ತುಂಬಿಸಿ ಕೊಟ್ಟಾರು. ಹೋಗಲಿ. ಮುಖ್ಯವಾದದ್ದು ನೀರು ಹಾಕುವ ಕ್ರಮ. ಸ್ಪ್ರೇ ಬಾಟಲಿಯನ್ನು ಬಚ್ಚಿಟ್ಟೆ. ನಾಲ್ಕು ಮೂಲೆಯಲ್ಲಿ ಲೋಟದಿಂದ ಮೆಲ್ಲಗೆ ನೀರು ಇಳಿಸಿದರೆ ಅದು ತಳಕ್ಕೆ ಹೋಗಿ ಕೂರುತ್ತದೆ. ಮೇಲಿನ ಎರಡು ಇಂಚು ಒಣಗಿಯೇ ಇರುತ್ತದೆ. ತಳದ ನೀರು ದಿನಗಟ್ಟಲೆ ನಿಧಾನವಾಗಿ ಆವಿಯಾಗುತ್ತಿರುತ್ತದೆ, ಹಾವಿನ ಹೊಟ್ಟೆಗೆ ಮಾತ್ರ ಒದ್ದೆ ತಾಗುವುದಿಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಈ ಹಾವುಗಳು ಹಗಲೆಲ್ಲ ಇಲಿ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಮಲಗಿರುತ್ತವಂತೆ. ಹೊರಗೆ ಬಯಲು ಒಣಗಿ ಹುಲ್ಲು ಸುಟ್ಟುಹೋಗಿದ್ದರೂ ಒಳಗೆ ಮಣ್ಣಿನ ತಣುವು. "ಹಂಗಾದ್ರೆ ಹುತ್ತದಲ್ಲಿರೋ ಹಾವೇ ಅನ್ನು" ಎಂದು ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು. ಅವತ್ತಿನಿಂದ ಅವಳ ಭಯ ಸ್ವಲ್ಪ ಇಳಿಯಿತು, ಯಾಕೋ ಗೊತ್ತಿಲ್ಲ.

ಹುಡುಗನಿಗೆ ಇನ್ನೊಂದು ಅನುಮಾನ. ತಂಪು ಕಡೆ ಶೇ. 65 ಇದ್ದರೆ ದೀಪದ ಕಡೆ 43 ಯಾಕೆ? ಅಲ್ಲಿಗೂ ನೀರು ಸುರಿಯಲೇ? ಬೇಡ ಎಂದೆ. ಬಿಸಿ ಗಾಳಿ ಹಿಡಿಯಬಲ್ಲ ನೀರು ಜಾಸ್ತಿ. 25 ಡಿಗ್ರಿಯಲ್ಲಿ ಶೇ. 60 ತೋರುವ ಗಾಳಿಯನ್ನೇ 32ಕ್ಕೆ ಕಾಯಿಸಿದರೆ ಮೀಟರ್ ಶೇ. 40 ಅನ್ನುತ್ತದೆ. ಅದರೊಳಗಿನ ನೀರು ಒಂದು ಹನಿಯೂ ಕಡಿಮೆಯಾಗಿರುವುದಿಲ್ಲ. ಇದು ಗೊತ್ತಿಲ್ಲದೆ ಬಿಸಿ ಕಡೆಯ ಅಂಕಿ ನೋಡಿ ನೀರು ಸುರಿಯುವವರೇ ಜಾಸ್ತಿ ಅಂತ ನನ್ನ ಗುಮಾನಿ. ಹುಳು ಮೇಯಿಸುವವರಲ್ಲೂ ಇಂಥವರನ್ನು ಕಂಡಿದ್ದೇನೆ.

ಒಂದು ವಿಷಯದಲ್ಲಿ ನನ್ನ ಅನುಭವ ಪೂರ್ತಿ ಉಲ್ಟಾ ಆಯಿತು. ಜ್ವರಕ್ಕೆ ಕೂತ, ಅಂದರೆ ಚರ್ಮ ಕಳಚಲು ಮೇವು ಬಿಟ್ಟು ಕೂತ ಹುಳಕ್ಕೆ ನಾವು ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸುತ್ತೇವೆ, ಗಾಳಿ ಬಿಡುತ್ತೇವೆ. ಚರ್ಮ ಕಳಚಲು ಹುಳಕ್ಕೆ ಒಣಹವೆ ಬೇಕು. ಹಾವಿಗೆ ಅದೇ ಹೊತ್ತಿನಲ್ಲಿ ತೇವ ಹೆಚ್ಚು ಬೇಕು. ಹಾಗಂತ ಇಡೀ ಗೂಡು ತೊಯ್ಯಿಸಬೇಕಿಲ್ಲ. ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿಗೆ ಹಾವು ನುಗ್ಗುವಷ್ಟು ತೂತು ಕೊರೆದು, ತೂತಿನ ಅಂಚು ಉಜ್ಜಿ ನುಣುಪು ಮಾಡಿ, ಒಳಗೆ ನೆನೆಸಿ ಹಿಂಡಿದ ಪಾಚಿ ತುಂಬಿ ನಡುಭಾಗದಲ್ಲಿಟ್ಟೆವು. ಬೇಕಾದಾಗ ಅದೇ ಹೋಗಿ ಮಲಗಲಿ, ಸಾಕಾದಾಗ ಎದ್ದು ಬರಲಿ.

ಮೀಟರ್ ಈಗ 60ರಿಂದ 70ರ ನಡುವೆ ಆಡುತ್ತದೆ. ಬೆಳಗಿನ ಜಾವ ಎಡಮೂಲೆಯ ಗಾಜಿನ ಮೇಲೆ ಕೊಂಚ ಇಬ್ಬನಿ ಕೂರುತ್ತದೆ. ಅದು ತಿಂಡಿ ಹೊತ್ತಿಗೆ ಮಾಯವಾಗಬೇಕು. ಮಧ್ಯಾಹ್ನದವರೆಗೂ ನಿಂತರೆ ಗಾಳಿ ಸಾಲದು ಅಂತ ಅರ್ಥ, ಹುಡುಗ ಎಡತುದಿಯನ್ನು ಇನ್ನೊಂದು ಬೆರಳಗಲ ತೆರೆಯಬೇಕು. ಕೊಳೆತ ವಾಸನೆ, ಹಾವಿನ ಉಸಿರಲ್ಲಿ ಗೊರಗೊರ, ಬಾಯಿ ತೆರೆದು ಉಸಿರಾಡುವುದು, ಇವು ಕಂಡರೆ ಮೀಟರ್ ಏನೇ ಹೇಳಲಿ, ಸೀದಾ ಪಶುವೈದ್ಯರ ಹತ್ತಿರ. ನಾವು ಊರಿಗೆ ಹೊರಡುವ ಮುಂಚೆ ಕೋಡುಬಳೆಯ ಕಣ್ಣು ಹಾಲು ಬಣ್ಣಕ್ಕೆ ತಿರುಗಿ, ತಿಳಿಯಾಗಿ, ಪೊರೆ ಬಂತು. ಮೂತಿಯಿಂದ ಬಾಲದ ತನಕ ಒಂದೇ ತುಂಡು, ಕಾಲುಚೀಲ ತಿರುವಿ ತೆಗೆದ ಹಾಗೆ. ಎರಡೂ ಕಣ್ಣಿನ ಹುರುಪೆ ಅದರಲ್ಲಿದ್ದವು, ಬಲಗಣ್ಣಿನ ಹಳೆಯದೂ ಸೇರಿ. ಹುಡುಗ ಟೇಪ್ ಹಿಡಿದು ಅಳೆದು, ಹಾವಿಗಿಂತ ಪೊರೆಯೇ ಉದ್ದ ಇದೆ ಎಂದು ಕೂಗಿದ. ಕಳಚುವಾಗ ಹಿಗ್ಗುತ್ತದೆ, ಅಷ್ಟೆ.

ಬೇಸಿಗೆಯಲ್ಲಿ ಲೆಕ್ಕ ಬದಲಾಗುತ್ತದೆ. ಅಲ್ಲಿ ಜುಲೈ ಮಧ್ಯಾಹ್ನಗಳಲ್ಲಿ ಗುಡುಗು ಮಳೆ. ಮಗಳ ಮನೆಯಲ್ಲಿರುವುದು ಒದ್ದೆ ಹಾಸಿನ ಮೂಲಕ ಗಾಳಿ ಬೀಸುವ ಕೂಲರ್, ಅದು ಓಡಿದರೆ ಮನೆಗೆಲ್ಲ ತೇವ. ಆಗ ಮುಚ್ಚಳ ಇಷ್ಟು ಬಿಗಿಯಾಗಿದ್ದರೆ ಗಾಜು ಬೆವರುತ್ತದೆ. ಅಕ್ರಿಲಿಕ್ ಹಾಳೆಯನ್ನು ಒಂದೇ ತುಂಡಾಗಿ ಹಾಕದೆ ಎರಡು ಮಾಡಿದ್ದು ಅದಕ್ಕೇ. ಮೇ ತಿಂಗಳಲ್ಲಿ ಒಂದು ತುಂಡು ತೆಗೆದು ಗ್ಯಾರೇಜಿನಲ್ಲಿಡು, ಅಕ್ಟೋಬರಿನಲ್ಲಿ ಮತ್ತೆ ಹಾಕು ಎಂದು ಮೊಮ್ಮಗನಿಗೆ ಹೇಳಿ ಬಂದಿದ್ದೇನೆ.