ಅಕ್ಷರಕ್ಕಿಂತ ಮೊದಲು ಪ್ಯಾಂಟಿನ ಗುಂಡಿ

ಮಗಳನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸುವ ಮುಂಚೆ ಎರಡು ತಿಂಗಳು ಕೂತು ಅಕ್ಷರ ತಿದ್ದಿಸಿದೆ. ನೂರರವರೆಗೆ ಬಾಯಿಪಾಠ ಮಾಡಿಸಿದೆ. ಬಣ್ಣಗಳ ಹೆಸರು, ವಾರಗಳ ಹೆಸರು, ಆಕಾರಗಳ ಹೆಸರು ಎಲ್ಲ ಆಯ್ತು. ಶಾಲೆ ಶುರುವಾದ ನಾಲ್ಕನೇ ದಿನ ಅವಳು ಒದ್ದೆ ಪ್ಯಾಂಟನ್ನು ಕವರಿನಲ್ಲಿ ಹಿಡಿದುಕೊಂಡು, ಬ್ಯಾಗಿನಲ್ಲಿದ್ದ ಇನ್ನೊಂದು ಜೊತೆ ಬಟ್ಟೆ ಹಾಕಿಕೊಂಡು ಮನೆಗೆ ಬಂದಳು. ವಿಚಾರಿಸಿದರೆ, ಪಾಪ, ಸರಿಯಾದ ಸಮಯಕ್ಕೇ ಬಾತ್‌ರೂಮಿಗೆ ಹೋಗಿದ್ದಾಳೆ, ಆದರೆ ಪ್ಯಾಂಟಿನ ಗುಂಡಿ ಬಿಚ್ಚೋಕೆ ಆಗಿಲ್ಲ. ಹೊಸ ಪ್ಯಾಂಟು, ಬಿಗಿ ಕಾಜ. ಎಷ್ಟು ಹೊತ್ತು ಎಳೆದಾಡಿದಳೋ ಏನೋ. ಮನೆಯಲ್ಲಿ ಯಾವಾಗಲೂ ಎಲಾಸ್ಟಿಕ್ ಚಡ್ಡಿ, ಅದನ್ನೂ ಅವಸರವಾದರೆ ನಾನೇ ಎಳೆದುಬಿಡುತ್ತಿದ್ದೆ. ನೂರರವರೆಗೆ ಹೇಳುವ ಹುಡುಗಿಗೆ ಒಂದು ಗುಂಡಿ ಬಿಚ್ಚೋದನ್ನು ನಾನು ಕಲಿಸಿರಲಿಲ್ಲ.

ಹಾಗಾಗಿ ಈ ವರ್ಷ ಮಗುವನ್ನು ಸೇರಿಸುತ್ತಿರುವವರಿಗೆ ನನ್ನ ಮೊದಲ ಮಾತು ಇದು. ಶಾಲೆಗೆ ಹಾಕುವ ಬಟ್ಟೆ, ಶೂ, ನೀರಿನ ಬಾಟಲಿ, ಊಟದ ಡಬ್ಬಿ ಎಲ್ಲವನ್ನೂ ಒಂದು ದಿನ ಮುಂದಿಟ್ಟು, ನೀವು ಕೈ ಕಟ್ಟಿಕೊಂಡು ಕೂತು, ಮಗು ಒಬ್ಬಳೇ ಏನೇನು ಮಾಡ್ತಾಳೆ ನೋಡಿ. ಕೈ ಕಟ್ಟಿಕೊಂಡು ಕೂರೋದೇ ಕಷ್ಟದ ಭಾಗ. ಡಬ್ಬಿಯ ಮುಚ್ಚಳ ತೆಗೆಯೋಕೆ ಬರದ ಮಗು ಕೆಲವೊಮ್ಮೆ ಯಾರನ್ನೂ ಕೇಳದೆ ಹಾಗೇ ವಾಪಸ್ ತರುತ್ತೆ, ನಾವು ಮನೆಯಲ್ಲಿ ಕೂತು ಊಟ ಸೇರಲಿಲ್ಲವೇನೋ ಅಂದುಕೊಳ್ತೀವಿ. ಇನ್ನೊಂದು, ಬಾತ್‌ರೂಮಿಗೆ ಹೋಗಬೇಕು ಅನ್ನೋದಕ್ಕೆ ಪ್ರತಿ ಮನೆಯಲ್ಲೂ ಒಂದು ಮುದ್ದು ಮಾತು ಇರುತ್ತಲ್ಲ, ಅದು ಮಿಸ್‌ಗೆ ಗೊತ್ತಿರಲ್ಲ. ಎಲ್ಲರಿಗೂ ಅರ್ಥವಾಗುವ ಹಾಗೆ ಕೇಳೋದನ್ನು ಕಲಿಸಿ. ಅಷ್ಟೂ ಕಲಿಸಿದ ಮೇಲೂ ಒದ್ದೆ ಬಟ್ಟೆ ಬಂದರೆ ಬೈಯಬೇಡಿ. ಆಟದಲ್ಲಿ ಮುಳುಗಿದ ಮಕ್ಕಳು ಕೊನೇ ಕ್ಷಣದವರೆಗೂ ತಡೆದುಕೊಂಡಿರುತ್ತವೆ.

ಗೇಟಿನ ಹತ್ತಿರದ ಅಳುವಿನ ಬಗ್ಗೆ ಎಲ್ಲರೂ ಹೇಳಿರುತ್ತಾರೆ, ನಾನು ಜಾಸ್ತಿ ಹೇಳಲ್ಲ. ಮಗುವಿನ ಕಣ್ಣು ತಪ್ಪಿಸಿ ಓಡಿಬರಬೇಡಿ. ಟಾಟಾ ಹೇಳಿ, ಯಾವಾಗ ಬರ್ತೀನಿ ಅಂತ ಹೇಳಿ, ಹೊರಡಿ. ಗಂಟೆಯ ಲೆಕ್ಕ ಅವಕ್ಕೆ ತಿಳಿಯಲ್ಲ, ಊಟ ಆದ ಮೇಲೆ, ಆಟ ಆದ ಮೇಲೆ ಅಂದರೆ ತಿಳಿಯುತ್ತೆ. ಆದರೆ ನನಗೆ ಯಾರೂ ಹೇಳದ ಒಂದು ಸಂಗತಿ ಇದೆ. ಮೊದಲ ವಾರ ನಗುನಗುತ್ತಾ ಹೋದ ಮಗು ಮೂರನೇ ವಾರ ಅಳೋಕೆ ಶುರು ಮಾಡಬಹುದು. ನಮ್ಮವಳು ಹಾಗೇ ಮಾಡಿದಳು. ಮೊದಲು ಅವಳಿಗೆ ಅದೊಂದು ಮೋಜಿನ ಜಾಗ. ಆಮೇಲೆ ಒಂದು ಬೆಳಿಗ್ಗೆ ಹಾಸಿಗೆಯಲ್ಲೇ ಎದ್ದು ಕೂತು "ಇವತ್ತೂನಾ?" ಅಂದಳು. ಇದು ದಿನಾ ಇರುತ್ತೆ ಅಂತ ಅವಳಿಗೆ ಆವತ್ತು ಹೊಳೆದಿರಬೇಕು. ಶಾಲೆಯಲ್ಲಿ ಏನೋ ಆಗಿದೆ ಅಂತ ಗಾಬರಿಯಾಗಿ ಹೋಗಿ ಕೇಳಿದೆ, ಏನೂ ಆಗಿರಲಿಲ್ಲ. ಕೇಳಿದ್ದು ತಪ್ಪೇನಲ್ಲ, ಕೇಳಲೇಬೇಕು.

ಅಳುವಿಗಿಂತ ನನ್ನನ್ನು ಜಾಸ್ತಿ ಸುಸ್ತು ಮಾಡಿದ್ದು ಶಾಲೆ ಬಿಟ್ಟ ಮೇಲಿನ ಒಂದು ಗಂಟೆ. ಮಿಸ್ ಹೇಳೋದು "ತುಂಬಾ ಒಳ್ಳೇ ಹುಡುಗಿ, ಹೇಳಿದ ಮಾತು ಕೇಳ್ತಾಳೆ." ಮನೆಗೆ ಬಂದರೆ ಸಾಕ್ಸ್ ಒಳಗಡೆ ಹೊಲಿಗೆ ಚುಚ್ಚುತ್ತೆ ಅಂತ ಅರ್ಧ ಗಂಟೆ ಕಿರುಚಾಟ. ನಾನು ಕೊಟ್ಟ ಲೋಟ ತಪ್ಪು, ನಾನು ಕೂತ ಜಾಗ ತಪ್ಪು. ಇವರು ಹೊಗಳುತ್ತಿರೋದು ಬೇರೆ ಯಾವುದೋ ಮಗುವನ್ನು ಇರಬೇಕು ಅನಿಸುತ್ತಿತ್ತು. ನಿಧಾನವಾಗಿ ಅರ್ಥವಾಯ್ತು. ಅಷ್ಟು ಹೊತ್ತು ಸಾಲಿನಲ್ಲಿ ನಿಂತು, ತನ್ನ ಸರದಿಗೆ ಕಾದು, ಬೇಕಾದ ಬಣ್ಣದ ಕ್ರೇಯಾನ್ ಬೇರೆಯವರ ಕೈಯಲ್ಲಿದ್ದರೂ ಸುಮ್ಮನಿದ್ದು ಬಂದಿರುತ್ತಾಳೆ. ತಡೆದುಕೊಂಡಿದ್ದೆಲ್ಲ ಎಲ್ಲಿ ಬಿಡಬೇಕು, ಮನೆಯಲ್ಲೇ ಅಲ್ವಾ? ಆ ಹೊತ್ತಿನಲ್ಲಿ ಪ್ರಶ್ನೆ ಕೇಳೋದನ್ನು ನಿಲ್ಲಿಸಿದೆ. ತಿನ್ನೋಕೆ ಏನಾದರೂ ಕೊಟ್ಟು ಪಕ್ಕದಲ್ಲಿ ಸುಮ್ನೆ ಕೂರೋದು, ಅಷ್ಟೇ. "ಇವತ್ತೇನು ಮಾಡಿದೆ?" ಅಂದರೆ "ಏನಿಲ್ಲ" ಅನ್ನೋ ಉತ್ತರ ಗ್ಯಾರಂಟಿ. ರಾತ್ರಿ ಮಲಗುವಾಗ "ಇವತ್ತು ಯಾರು ಅತ್ತರು?" ಅಂತ ಕೇಳಿ ನೋಡಿ, ಇಡೀ ತರಗತಿಯ ಪುರಾಣ ಹೊರಗೆ ಬರುತ್ತೆ.

ಈ ಕಿರುಚಾಟದ ಅರ್ಧ ಪಾಲು ನಿದ್ದೆಯದ್ದು. 3ರಿಂದ 5 ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲಿನದೂ ಸೇರಿ. ಶಾಲೆ ಶುರುವಾದಾಗ ಹಗಲಿನ ನಿದ್ದೆ ಹೋಯ್ತು, ಬೆಳಿಗ್ಗೆ ಬೇಗ ಏಳೋದು ಬಂತು, ರಾತ್ರಿ ಮಲಗುವ ಸಮಯ ಮಾತ್ರ ಹಳೆಯದೇ. ಲೆಕ್ಕ ಹಾಕಿದರೆ ನಮ್ಮವಳಿಗೆ ಒಂಬತ್ತು ಗಂಟೆಯೂ ಆಗುತ್ತಿರಲಿಲ್ಲ. ರಾತ್ರಿ ಒಂದೂವರೆ ಗಂಟೆ ಮುಂಚೆ ಮಲಗಿಸೋಕೆ ಶುರು ಮಾಡಿದ ಮೇಲೆ ಸಾಕ್ಸಿನ ಹೊಲಿಗೆ ಚುಚ್ಚೋದು ಬಹಳ ಮಟ್ಟಿಗೆ ನಿಂತಿತು!

ನೆಗಡಿಗೂ ತಯಾರಾಗಿರಿ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗೋದು ಮಾಮೂಲು, ಹೊಸದಾಗಿ ಗುಂಪಿಗೆ ಸೇರಿದವರಿಗೆ ಇನ್ನೂ ಜಾಸ್ತಿ. ನೆಗಡಿ ತರುವ ಒಂದೇ ಜಾತಿಯ ವೈರಸ್ಸಿನಲ್ಲಿ ನೂರಕ್ಕೂ ಹೆಚ್ಚು ಬಗೆ ಇವೆ, ಒಂದು ವಾಸಿಯಾಗುವಷ್ಟರಲ್ಲಿ ಇನ್ನೊಂದು ಕಾದಿರುತ್ತೆ. ಇದರಲ್ಲಿ ಗಮನಿಸಬೇಕಾದ್ದು ಕಿವಿ. ನೆಗಡಿ ಹೋದ ಮೇಲೂ ಕಿವಿಯ ತಮಟೆಯ ಹಿಂದೆ ನೀರು ನಿಂತು ಕೆಲವು ವಾರ ಸರಿಯಾಗಿ ಕೇಳಿಸದೇ ಇರಬಹುದು. ನೋವಿರಲ್ಲ, ಮಗು ಹೇಳಲ್ಲ, ಶಾಲೆಯಿಂದ "ಗಮನ ಕೊಡಲ್ಲ" ಅನ್ನೋ ದೂರು ಮಾತ್ರ ಬರುತ್ತೆ. ಕಣ್ಣೂ ಅಷ್ಟೇ. ಒಂದು ಕಣ್ಣು ಮಂಜಾಗಿದ್ದರೆ ಎಲ್ಲರಿಗೂ ಹೀಗೇ ಕಾಣೋದು ಅಂತ ಮಗು ಅಂದುಕೊಂಡಿರುತ್ತೆ. ಸೋಮಾರಿ ಕಣ್ಣು ಅಂತಾರಲ್ಲ, ಅದಕ್ಕೆ 7 ವರ್ಷದೊಳಗೆ ಚಿಕಿತ್ಸೆ ಶುರುವಾದರೆ ಫಲ ಚೆನ್ನಾಗಿರುತ್ತೆ. ಬೇರೆ ಎಲ್ಲ ಮರೆತರೂ ಪರವಾಗಿಲ್ಲ, ಈ ವರ್ಷ ಕಣ್ಣು, ಕಿವಿ ಒಂದು ಸಲ ತೋರಿಸಿ ಬನ್ನಿ.

ಇನ್ನು ನೋಟ್‌ಬುಕ್. ನನ್ನ ದೊಡ್ಡ ತಪ್ಪು ನಡೆದಿದ್ದು ಇಲ್ಲೇ. ಮಗಳ ಪಕ್ಕ ಕೂರುವ ಹುಡುಗನ ಪುಸ್ತಕ ಒಂದು ದಿನ ನೋಡಿದೆ, ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಮನೆಗೆ ಬಂದು ನಮ್ಮವಳಿಂದ ಒಂದು ಪುಟ ಬರೆಸಿದೆ, ಅಳಿಸಿದೆ, ಮತ್ತೆ ಬರೆಸಿದೆ. ಅವಳು ಪೆನ್ಸಿಲನ್ನು ಎಷ್ಟು ಬಿಗಿ ಹಿಡಿದಿದ್ದಳು ಅಂದರೆ ಬೆರಳ ತುದಿ ಬೆಳ್ಳಗಾಗಿತ್ತು, ಹಿಂದಿನ ಮೂರು ಹಾಳೆಯಲ್ಲಿ ಗೀರು ಮೂಡಿತ್ತು. ಆಮೇಲೆ ಗೊತ್ತಾಗಿದ್ದು, ಆ ಹುಡುಗ ಇವಳಿಗಿಂತ ಹತ್ತು ತಿಂಗಳು ದೊಡ್ಡವನು. ನಮಗೆ ನಿಮಗೆ ಹತ್ತು ತಿಂಗಳು ಏನೂ ಅಲ್ಲ. ನಾಲ್ಕು ತುಂಬಿದ ಮಗುವಿಗೆ ಅದು ಬದುಕಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿ. ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ, ಈ ವಯಸ್ಸಿನಲ್ಲಿ ಅವುಗಳಲ್ಲಿ ಕೆಲವು ಇನ್ನೂ ಗಟ್ಟಿಯಾಗಿರೋದೇ ಇಲ್ಲ. ಸಾಮಾನ್ಯವಾಗಿ ಮಕ್ಕಳು ನೋಡಿಕೊಂಡು ವೃತ್ತ ಬರೆಯೋದು ಮೂರರ ಹೊತ್ತಿಗೆ, ಚೌಕ ನಾಲ್ಕರ ಹೊತ್ತಿಗೆ, ತ್ರಿಕೋನ ಐದರ ಹೊತ್ತಿಗೆ. ಓರೆ ಗೆರೆ ಎಳೆಯೋದು ಅಷ್ಟು ಕಷ್ಟ ಅವಕ್ಕೆ. ಕೈಗೆ ಬಲ ಬರಬೇಕಾದರೆ ಮಣ್ಣು ಕಲಸಲಿ, ಕಾಗದ ಹರಿಯಲಿ, ಬಟ್ಟೆ ಹಿಂಡಲಿ. ಆ ಗುಂಡಿಯನ್ನೂ ಬಿಚ್ಚಿ ಹಾಕಲಿ.

3 ಅನ್ನು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರೆದರೂ ಹೆದರಬೇಡಿ, ಆರೇಳು ವರ್ಷದವರೆಗೆ ಇದು ಸಾಮಾನ್ಯ. ಅವರ ಕಡೆಯಿಂದ ಯೋಚಿಸಿ. ಲೋಟದ ಹಿಡಿ ಎಡಕ್ಕಿದ್ದರೂ ಲೋಟ, ಬಲಕ್ಕಿದ್ದರೂ ಲೋಟ. ಇಷ್ಟು ದಿನ ಜಗತ್ತು ಹೀಗೇ ಇತ್ತು. ಈಗ ಇದ್ದಕ್ಕಿದ್ದಂತೆ ಕೋಲಿನ ಈ ಕಡೆ ಹೊಟ್ಟೆ ಇದ್ದರೆ ಬಿ, ಆ ಕಡೆ ಇದ್ದರೆ ಡಿ ಅಂತಾರೆ.

ನೂರರವರೆಗಿನ ನನ್ನ ಹೆಮ್ಮೆ ಮುರಿದಿದ್ದು ಚಮಚದಿಂದ. ಮೇಜಿನ ಮೇಲೆ ಏಳು ಚಮಚ ಇಟ್ಟು ಎಷ್ಟಿದೆ ಅಂದೆ. ಬೆರಳು ನಿಧಾನ, ಬಾಯಿ ಜೋರು, ಒಂಬತ್ತಕ್ಕೆ ಹೋಗಿ ನಿಂತಳು. ಮತ್ತೆ ನಿಧಾನವಾಗಿ ಎಣಿಸಿಸಿದೆ, ಏಳು ಬಂತು. "ಹಾಗಾದ್ರೆ ಒಟ್ಟು ಎಷ್ಟು ಚಮಚ?" ಅಂದರೆ ಮತ್ತೆ ಒಂದರಿಂದ ಶುರು! ಕೊನೆಗೆ ಹೇಳಿದ ಅಂಕಿಯೇ ಒಟ್ಟು ಲೆಕ್ಕ ಅನ್ನೋದು ಇನ್ನೂ ಹೊಳೆದಿರಲಿಲ್ಲ. ಊಟಕ್ಕೆ ತಟ್ಟೆ ಹಾಕುವಾಗ "ನಾಲ್ಕು ತಟ್ಟೆ ತಗೊಂಡು ಬಾ" ಅಂತ ದಿನಾ ಕಳಿಸಿದ್ದು ಯಾವ ವರ್ಕ್‌ಶೀಟಿಗಿಂತ ಹೆಚ್ಚು ಕೆಲಸ ಮಾಡಿತು.

ಇದನ್ನೆಲ್ಲ ಶುರು ಮಾಡಿದ ಫ್ರೆಡ್ರಿಕ್ ಫ್ರೋಬೆಲ್ ಅನ್ನುವ ಜರ್ಮನ್ ಮೇಷ್ಟ್ರ ತಲೆಯಲ್ಲಿ ನೋಟ್‌ಬುಕ್ ಇರಲಿಲ್ಲ. 1837ರಲ್ಲಿ ಅವರು ಸಣ್ಣ ಮಕ್ಕಳಿಗೆ ಅಂತ ಒಂದು ಜಾಗ ತೆರೆದರು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಅಂತ ಹೆಸರಿಟ್ಟರು. ಉಣ್ಣೆಯ ಚೆಂಡು, ಮರದ ತುಂಡು, ಹಾಡು, ಮಕ್ಕಳೇ ನೋಡಿಕೊಳ್ಳುವ ನಿಜವಾದ ತೋಟ, ಇಷ್ಟೇ ಪಠ್ಯ. ತಮಾಷೆ ಅಂದರೆ 1851ರಲ್ಲಿ ಆಗಿನ ದೊಡ್ಡ ಜರ್ಮನ್ ರಾಜ್ಯ ಪ್ರಷ್ಯಾದ ಸರ್ಕಾರ ಈ ಶಾಲೆಗಳನ್ನೇ ನಿಷೇಧ ಮಾಡಿತ್ತು, ಅದು ಹೋಗಿದ್ದು 1860ರಲ್ಲಿ. ಮಕ್ಕಳು ಆಡೋದನ್ನು ಕಂಡರೆ ದೊಡ್ಡವರಿಗೆ ಆಗಲೂ ಏನೋ ಕಸಿವಿಸಿ.

ಶಾಲೆಯವರ ಹತ್ತಿರ ಮಾತಾಡೋ ಅವಕಾಶ ಸಿಕ್ಕಾಗ ನಾನು ಮೊದಲೆರಡು ಸಲ ಬರವಣಿಗೆಯ ಬಗ್ಗೆಯೇ ಕೇಳಿ ವ್ಯರ್ಥ ಮಾಡಿದೆ. ಯಾರ ಜೊತೆ ಆಡ್ತಾಳೆ, ಬೇಕಾದ್ದನ್ನು ಬಾಯಿಬಿಟ್ಟು ಕೇಳ್ತಾಳಾ, ಸೋತರೆ ಏನು ಮಾಡ್ತಾಳೆ ಅಂತ ಕೇಳಬೇಕಿತ್ತು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ, ಹೊಸ ಪಾಪು ಬರ್ತಿದೆ, ಮನೆ ಬದಲಾಯಿಸ್ತಿದ್ದೀವಿ ಅಂತಿದ್ದರೆ ಅದನ್ನೂ ಮಿಸ್‌ಗೆ ಹೇಳಿಬಿಡಿ. "ಅವಳು ಇನ್ಮೇಲೆ ನನ್ನ ಫ್ರೆಂಡ್ ಅಲ್ಲ" ಅಂತ ಮಗು ಅತ್ತುಕೊಂಡು ಬಂದರೆ ಮಾತ್ರ ಆ ಮಗುವಿನ ಅಮ್ಮನಿಗೆ ಫೋನ್ ಮಾಡೋಕೆ ಹೋಗಬೇಡಿ. ಮರುದಿನ ಇಬ್ಬರೂ ಕೈ ಹಿಡಿದುಕೊಂಡು ಬರ್ತಾರೆ, ನೀವಿಬ್ಬರು ಮುಖ ತಿರುಗಿಸಿಕೊಂಡು ನಿಂತಿರ್ತೀರಿ.

ವರ್ಷದ ಕೊನೆಗೆ ಅವಳ ಚಿತ್ರಗಳ ಕಟ್ಟು ಮನೆಗೆ ಬಂತು. ಮೊದಲ ತಿಂಗಳಿನದರಲ್ಲಿ ನಾನು ಅಂದರೆ ಒಂದು ದೊಡ್ಡ ತಲೆ, ಅದರಿಂದ ನೇರವಾಗಿ ಇಳಿದ ಎರಡು ಕಾಲು, ಅಷ್ಟೇ. ಕೊನೆಯದರಲ್ಲಿ ನನಗೆ ಹೊಟ್ಟೆ ಬಂದಿದೆ, ಕುತ್ತಿಗೆ ಬಂದಿದೆ, ಕೈ ಇದೆ, ಬೆರಳೂ ಇದೆ. ಎಣಿಸಿದೆ. ಒಂದು ಕೈಗೆ ಏಳು, ಇನ್ನೊಂದಕ್ಕೆ ಮೂರು. ಒಟ್ಟು ಹತ್ತು ಆಯ್ತಲ್ಲ ಅಂತ ಸುಮ್ಮನಾದೆ.