ಹೆಂಚಿನ ಮನೆಯ ಶೇ 30

ಸಾಗರ
ಭಾನುವಾರ, 21 ಜುಲೈ 2024

ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಲು ಈ ತಿಂಗಳ 31 ಕಡೆಯ ದಿನ. ಬಾಡಿಗೆಗೆ ಕೊಟ್ಟಿರುವ ಹಳೆಯ ಮನೆಯ ಲೆಕ್ಕ ಇವತ್ತು ಮುಗಿಯಿತು.

ಮಾರ್ಚ್‌ನಲ್ಲಿ ಮಾಡು ಬಿಚ್ಚಿಸಿದ್ದೆವು. ಮೇಲಿನಿಂದ ಗಟ್ಟಿಯಾಗಿಯೇ ಕಾಣುತ್ತಿದ್ದ ರೀಪುಗಳು ಹೆಂಚು ಎತ್ತಿದ ಕೂಡಲೇ ಹುಡಿಹುಡಿಯಾಗಿ ಉದುರಿದವು. ಗೆದ್ದಲು ಒಳಗೊಳಗೇ ತಿಂದು ಮುಗಿಸಿತ್ತು. ಮರ, ಹೆಂಚು, ಔಷಧಿ, ಬಡಗಿಯ ಕೂಲಿ ಸೇರಿ 41,000 ರೂಪಾಯಿ. ಬಿಲ್ಲುಗಳನ್ನೆಲ್ಲ ಜೋಡಿಸಿ ಕಳಿಸಿದ ಅಣ್ಣ, "ಇಷ್ಟನ್ನೂ ಬಾಡಿಗೆಯಲ್ಲಿ ಕಳೆದುಬಿಡು" ಎಂದ.

ಹಾಗೆ ಕಳೆಯಲು ಬರುವುದಿಲ್ಲ. ತಿಂಗಳಿಗೆ 8,000ದಂತೆ ವರ್ಷದ ಬಾಡಿಗೆ 96,000. ನಗರಸಭೆಗೆ ನಾವೇ ಕಟ್ಟಿದ ಆಸ್ತಿ ತೆರಿಗೆ 4,000 ಕಳೆದರೆ 92,000. ಇದರಲ್ಲಿ ಶೇ 30, ಅಂದರೆ 27,600 ರೂಪಾಯಿಯನ್ನು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 24 ನಮಗೆ ಬಿಟ್ಟುಕೊಡುತ್ತದೆ. ಉಳಿದ 64,400 ಆದಾಯಕ್ಕೆ ಸೇರುತ್ತದೆ. ದುರಸ್ತಿಗೆ ಒಂದು ಲಕ್ಷ ಸುರಿದರೂ ಅಷ್ಟೇ, ಒಂದು ಮೊಳೆ ಹೊಡೆಸದಿದ್ದರೂ ಅಷ್ಟೇ. ಹೊಸ ತೆರಿಗೆ ಪದ್ಧತಿಗೂ ಇದೇ ನಿಯಮ. ಹಿಂದೆ ದುರಸ್ತಿ, ವಿಮೆ ಎಂದು ಬೇರೆ ಬೇರೆ ಕಡಿತಗಳಿದ್ದವು. 2001ರ ಹಣಕಾಸು ಕಾಯ್ದೆ ಅವನ್ನು ತೆಗೆದು ಈ ಒಂದೇ ದರ ತಂದಿತು. ಸಾಲ ಮಾಡಿ ದುರಸ್ತಿ ಮಾಡಿಸಿದ್ದರೆ ಅದರ ಬಡ್ಡಿಗೆ ಬೇರೆ ಕಡಿತವಿದೆ. ನಮ್ಮದು ಕೈಯ ಹಣ.

ಅಣ್ಣನಿಗೆ ಸಿಟ್ಟು ಬಂತು. "ಬಳ್ಳಾರಿಯ ತಾರಸಿ ಮನೆಗೂ ಶೇ 30, ಮಲೆನಾಡಿನ ಹೆಂಚಿನ ಮನೆಗೂ ಶೇ 30. ಇದು ಯಾವ ನ್ಯಾಯ?" ಅವನ ಮಾತಿನಲ್ಲಿ ಹುರುಳಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆಯುವ ಗೋಡೆಯ ಖರ್ಚು ಬಿಸಿಲು ಸೀಮೆಯವರಿಗೆ ಅರ್ಥವಾಗುವಂಥದ್ದಲ್ಲ. ಆದರೂ ಬಿಲ್ಲು ತೋರಿಸಿ ಕಡಿತ ಪಡೆಯುವ ಪದ್ಧತಿ ನನಗೆ ಬೇಡ. ಮಾಡು ಕೈಯಾಡಿಸುವ ಆಳುಗಳು, ಪಾಚಿ ಕೆರೆಯುವವರು ಯಾರು ರಸೀದಿ ಬರೆದುಕೊಡುತ್ತಾರೆ? ಒಂಟಿ ಮನೆಯ ಬಾಡಿಗೆಯಲ್ಲಿ ಬದುಕುವ ವಯಸ್ಸಾದವರು ಕಾಗದ ಹಿಡಿದು ಅಲೆಯಬೇಕಾಗುತ್ತದೆ.

ಅಣ್ಣನಿಗೆ ನಾನು ಹೇಳಿದ್ದು ಇಷ್ಟೇ: ಏನೂ ಕೆಲಸವಿಲ್ಲದ ವರ್ಷಗಳಲ್ಲೂ ಆ ಶೇ 30 ಸಿಕ್ಕಿದೆ. ಅದು ಮನೆಯ ದುಡ್ಡು, ಮನೆಗೇ ಎತ್ತಿಡಬೇಕು.

ಸಂಜೆ ಬಾಡಿಗೆಯವರು ಫೋನ್ ಮಾಡಿದರು. "ಅಕ್ಕಾ, ಮಾಡು ಸೋರುತ್ತಿಲ್ಲ. ಆದರೆ ಪಡುವಣ ಗೋಡೆಗೆ ಇರಚಲು ಹೊಡೆದು ಗಾರೆ ಉಬ್ಬಿದೆ." ಮಳೆ ಬಿಟ್ಟ ಮೇಲೆ ಮೊದಲ ಕೆಲಸ ಅದು.