‘ಒಂದೇ ಮಗುನಾ?’ ಅಂತ ಕೇಳುವವರಿಗೆ

ಹೌದು, ಒಂದೇ. ಮಗಳು. ಇನ್ನೊಂದು ಬೇಡ ಅಂತ ನಾವಿಬ್ಬರೂ ಕೂತು ಮಾತಾಡಿ ತೀರ್ಮಾನ ಮಾಡಿದ್ದೇವೆ. ಹರಕೆ ಹೊರಬೇಡಿ, ಡಾಕ್ಟರ್ ನಂಬರ್ ಕೊಡಬೇಡಿ.

ಮೊದಲೆಲ್ಲ ‘ಅವಳಿಗೊಂದು ಜೊತೆ ಬೇಡ್ವಾ’ ಅನ್ನುತ್ತಿದ್ದರು. ಅದರಲ್ಲಿ ಪ್ರೀತಿ ಇತ್ತು, ಸುಮ್ನಿರುತ್ತಿದ್ದೆ. ಈಗ ಲೋಕಸಭೆ ಸೀಟಿನ ಲೆಕ್ಕ ತರುತ್ತಾರೆ: ಜನ ಕಮ್ಮಿಯಾದರೆ ರಾಜ್ಯಕ್ಕೆ ಸೀಟೂ ಕಮ್ಮಿ ಅಂತ. ತುಮಕೂರಿನಲ್ಲಿ ಒಂದು ಮದುವೆ. ಎಲೆಗೆ ಹೋಳಿಗೆ ಬಿದ್ದಿದೆ. ಎದುರು ಪಂಕ್ತಿಯಿಂದ ದೂರದ ಸಂಬಂಧದ ದೊಡ್ಡಪ್ಪ ಒಬ್ಬರು ಶುರು ಮಾಡಿದರು. “ಏನಮ್ಮಾ, ನೀವೆಲ್ಲ ಹಿಂಗೆ ಒಂದಕ್ಕೇ ನಿಲ್ಲಿಸಿದ್ರೆ ನಮ್ಮ ಎಂಪಿ ಸೀಟೆಲ್ಲ ಉತ್ತರದವರ ಪಾಲಾಗುತ್ತೆ. ಜಾಸ್ತಿ ಮಕ್ಕಳು ಮಾಡ್ಕೊಳ್ಳಿ ಅಂತ ಚಂದ್ರಬಾಬು ನಾಯ್ಡು ಹೇಳಿಲ್ವಾ?” ತುಪ್ಪ ಬಡಿಸುವ ಹುಡುಗ ಸೌಟು ಹಿಡಿದು ನಿಂತೇಬಿಟ್ಟ. ಪಕ್ಕದಲ್ಲಿ ನನ್ನ ಗಂಡ ಇದ್ದರು. ಅವರನ್ನು ದೊಡ್ಡಪ್ಪ ಕೇಳಿದ್ದು ಕಾರಿನ ಮೈಲೇಜು.

ದೊಡ್ಡಪ್ಪನ ಲೆಕ್ಕ ಸುಳ್ಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು, ಬಿಹಾರದಲ್ಲಿ 3. ಜನಸಂಖ್ಯೆ ಇಳಿಯದೆ ಇರಬೇಕಾದರೆ 2.1ರಷ್ಟು ಬೇಕು. ಆದರೆ ಕಮ್ಮಿ ಮಾಡಿ ಅಂತ ಹೇಳಿದವರು ಯಾರು? ಮೈಸೂರು ಸರ್ಕಾರ 1930ರಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿತು. ಆಮೇಲೆ ಗೋಡೆಗೋಡೆಗೂ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ‘ಆರತಿಗೊಂದು ಕೀರ್ತಿಗೊಂದು’. ಹೀಗೆ ಕಮ್ಮಿ ಮಾಡಿಕೊಂಡ ರಾಜ್ಯಗಳಿಗೆ ನಷ್ಟ ಆಗಬಾರದು ಅಂತಲೇ 1976ರಲ್ಲಿ ಸಂವಿಧಾನ ತಿದ್ದಿ, ಸೀಟು ಹಂಚಿಕೆಯನ್ನು 1971ರ ಜನಗಣತಿಗೆ ನಿಲ್ಲಿಸಿದರು. ಆ ತಡೆ ಕಾಯಂ ಅಲ್ಲ, ಅದಕ್ಕೇ ಈಗ ಈ ಚಿಂತೆ. ಸೀಟಿಗೆ ನ್ಯಾಯ ಬೇಕಾದರೆ ಸಂಸತ್ತಿನಲ್ಲಿ ಜಗಳ ಆಡಿ. ನನ್ನ ಗರ್ಭಕೋಶಕ್ಕೆ ಯಾಕೆ ಬರುತ್ತೀರಿ?

ಕೇಳಲೇಬೇಕು ಅಂದರೆ ಇದನ್ನು ಕೇಳಿ: ಮಕ್ಕಳಾಗದ ಹಾಗೆ ಆಪರೇಷನ್ ನಿಮ್ಮಿಬ್ಬರಲ್ಲಿ ಯಾರು ಮಾಡಿಸಿಕೊಂಡಿರಿ? ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಜನ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ಇಡೀ ದೇಶದಲ್ಲೇ ನೂರಕ್ಕೆ 0.3. ನಮ್ಮಮ್ಮ ಮಾಡಿಸಿಕೊಂಡಿದ್ದು ಕ್ಯಾಂಪಿನಲ್ಲಿ. ಶಾಲೆ ಕೊಠಡಿಯಲ್ಲಿ ಸಾಲಾಗಿ ಚಾಪೆ ಹಾಸಿ ಮಲಗಿಸಿದ್ದರಂತೆ. ಮೂರನೇ ದಿನಕ್ಕೆ ಕೊಟ್ಟಿಗೆ ಕೆಲಸ. ಭಾರ ಎತ್ತಬೇಡ ಅಂದಿದ್ದರಂತೆ, ನೀರಿನ ಕೊಡ ಯಾರು ಎತ್ತಬೇಕು ಅಂತ ಯಾರೂ ಹೇಳಲಿಲ್ಲ. 1.7 ಅನ್ನುವ ಅಂಕಿ ಬಂದಿರುವುದು ಇಂಥ ಹೆಂಗಸರ ಹೊಟ್ಟೆಯ ಮೇಲಿನ ಗಾಯದಿಂದ. ಈಗ ಅದೇ ಹೆಂಗಸರ ಹೆಣ್ಣುಮಕ್ಕಳಿಗೆ ಜಾಸ್ತಿ ಹೆರಿ ಅನ್ನುವುದಕ್ಕೆ ಬಾಯಾದರೂ ಹೇಗೆ ಬರುತ್ತೆ?

ನಮ್ಮ ಮನೆಯಲ್ಲಿ ಮಾಡಿಸಿಕೊಂಡವರು ನನ್ನ ಗಂಡ. ಹೊಟ್ಟೆ ಕೊಯ್ಯುವುದಿಲ್ಲ, ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ. ಬೆಳಿಗ್ಗೆ ಹೋದವರು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದರು. ಆಮೇಲೆ ಮೂರು ತಿಂಗಳು ಗರ್ಭ ನಿಲ್ಲದ ಹಾಗೆ ಬೇರೆ ಎಚ್ಚರಿಕೆ ಬೇಕು, ಕೊನೆಗೊಂದು ವೀರ್ಯ ಪರೀಕ್ಷೆ, ಅಷ್ಟೇ. ಶಕ್ತಿ ಹೋಗುತ್ತಾ, ನೋವಾಗುತ್ತಾ ಅಂತ ಅನುಮಾನ ಇದ್ದವರು ಅವರನ್ನೇ ಕೇಳಿ. ಕಾರಿನ ಮೈಲೇಜು ಹೇಳಿದಷ್ಟೇ ಸಲೀಸಾಗಿ ಹೇಳುತ್ತಾರೆ.